ದೊಡ್ಡ ಸಭೆಯೋ, ಸಣ್ಣ ಸಭೆಯೋ? ಎರಡನ್ನೂ ಕಂಡವರು ಹೇಳಿ

ಕೊನೆಯ ಬೆಂಚು

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ವಿಷಯ ಇದು.

ನಾನು ಬೆಳೆದದ್ದು ಮೂವತ್ತು ನಲವತ್ತು ಜನ ಸೇರುವ ಸಭೆಯಲ್ಲಿ. ಈಗ ಹೋಗುತ್ತಿರುವುದು ಸಾವಿರಾರು ಜನ ಸೇರುವ ಸಭೆಗೆ. ಎರಡು ಕಡೆಯೂ ಇನ್ನೊಂದರ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕೇಳಿ ಕೇಳಿ ಬೇಜಾರಾಗಿದೆ. ಸಣ್ಣ ಸಭೆಯವರು "ಅಲ್ಲಿ ಬರೀ ಲೈಟು, ಸೌಂಡು, ಗುಂಪು. ಪಾಸ್ಟರಿಗೆ ನಿಮ್ಮ ಹೆಸರಾದರೂ ಗೊತ್ತಾ?" ಅಂತ ಕೇಳುತ್ತಾರೆ. ದೊಡ್ಡ ಸಭೆಯವರು "ಇಷ್ಟು ವರ್ಷವಾದರೂ ಅಷ್ಟೇ ಜನ ಅಂದರೆ ಎಲ್ಲೋ ಏನೋ ಕೊರತೆ ಇದೆ" ಅನ್ನುತ್ತಾರೆ. ಎರಡೂ ಮಾತು ನನಗೆ ನೋವು ಕೊಡುತ್ತವೆ, ಯಾಕೆಂದರೆ ಎರಡೂ ಮನೆಯ ಊಟ ಮಾಡಿದವನು ನಾನು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಸಭೆಯನ್ನು ಬೆಳೆಯದೆ ಉಳಿದ ದೊಡ್ಡ ಸಭೆ ಅಂತ ನೋಡುವುದು ತಪ್ಪು. ದೊಡ್ಡ ಸಭೆಯನ್ನು ಪ್ರೀತಿ ತಣ್ಣಗಾದ ಸಣ್ಣ ಸಭೆ ಅಂತ ನೋಡುವುದೂ ತಪ್ಪು. ಇವು ಬೇರೆ ಬೇರೆ ಕೆಲಸ ಮಾಡುತ್ತವೆ. ಅಷ್ಟೇ ಅಲ್ಲ, ಒಂದರ ಋಣ ಇನ್ನೊಂದರ ಮೇಲಿದೆ.

ಬೈಬಲಿನ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಸೇರಿದ್ದ ವಿಶ್ವಾಸಿಗಳು ಸುಮಾರು 120 ಜನ. ಎರಡನೆಯ ಅಧ್ಯಾಯದಲ್ಲಿ ಒಂದೇ ದಿನ ಸುಮಾರು 3000 ಜನ ದೀಕ್ಷಾಸ್ನಾನ ಮಾಡಿಸಿಕೊಂಡರು. ಆಮೇಲೆ ಅವರೇನು ಮಾಡಿದರು? ದಿನಾಲೂ ದೇವಾಲಯದಲ್ಲಿ ಒಟ್ಟಾಗಿ ಸೇರುತ್ತಿದ್ದರು, ಮನೆಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರು. ಎರಡೂ ಒಂದೇ ವಚನದಲ್ಲಿದೆ, 2:46. ಅವರಿಗೆ ಇದರಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಬೇಕು ಅಂತ ಅನಿಸಲೇ ಇಲ್ಲ.

ನಿಮ್ಮ ಅನುಭವ ಹೇಳಿ.

ಸಂಡೇ ಸ್ಕೂಲ್ ಅಕ್ಕ

ಒಳ್ಳೆಯ ವಿಷಯ ಎತ್ತಿದಿರಿ ಬ್ರದರ್. ನಾನು ಸಣ್ಣ ಸಭೆಯವಳು. ಈಗಲೂ ಅಲ್ಲೇ ಇದ್ದೇನೆ, ಇಷ್ಟಪಟ್ಟೇ ಇದ್ದೇನೆ.

ನಮ್ಮಲ್ಲಿ ಭಾನುವಾರ ಯಾರು ಮೊದಲು ಬರುತ್ತಾರೋ ಅವರೇ ಬಾಗಿಲು ತೆಗೆದು ಕುರ್ಚಿ ಹಾಕುತ್ತಾರೆ. ಕೀಬೋರ್ಡ್ ನುಡಿಸುವವರಿಗೆ ಹುಷಾರಿಲ್ಲದಿದ್ದರೆ ಚಪ್ಪಾಳೆ ತಟ್ಟಿ ಹಾಡುತ್ತೇವೆ. ಯಾರಾದರೂ ಬರದಿದ್ದರೆ ಆರಾಧನೆ ಮುಗಿಯುವ ಮೊದಲೇ ಎಲ್ಲರಿಗೂ ಗೊತ್ತಾಗಿರುತ್ತದೆ. ಮಧ್ಯಾಹ್ನ ಒಬ್ಬರಲ್ಲ ಒಬ್ಬರು ಫೋನ್ ಮಾಡೇ ಮಾಡುತ್ತಾರೆ.

ಒಬ್ಬ ಹುಡುಗನ ಕಥೆ ಹೇಳಬೇಕು. ಅವನಿಗೆ ಮಾತು ತೊದಲುತ್ತದೆ. ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಮ್ಮಲ್ಲಿ ಮಕ್ಕಳು ಸರದಿ ಪ್ರಕಾರ ವಾಕ್ಯ ಓದುತ್ತಾರೆ, ಅವನ ಸರದಿಯೂ ಬಂತು. 23ನೆಯ ಕೀರ್ತನೆ. "ಯೆಹೋವನು" ಅನ್ನುವಲ್ಲೇ ನಿಂತುಬಿಟ್ಟ. ಅವನ ಬೆರಳು ಮಾತ್ರ ಆ ಪದದ ಮೇಲೆ ಒತ್ತಿಕೊಂಡೇ ಇತ್ತು. ಯಾರೂ ಮುಂದಿನ ಪದ ಹೇಳಿಕೊಡಲಿಲ್ಲ, ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಸುಮ್ನೆ ಕಾದರು. ಆರೇ ವಚನ, ಆದರೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮುಗಿದಾಗ ಎಲ್ಲರೂ ಆಮೆನ್ ಅಂದರು, ಪ್ರತಿವಾರ ಅನ್ನುವ ಹಾಗೆಯೇ. ಈಗಲೂ ಅವನು ಓದುತ್ತಾನೆ. ಈಗಲೂ ತೊದಲುತ್ತಾನೆ. ಹೆದರುವುದಿಲ್ಲ ಅಷ್ಟೇ.

ನಿಮಿಷ ನಿಮಿಷಕ್ಕೂ ಲೆಕ್ಕವಿರುವ, ಕ್ಯಾಮೆರಾ ಓಡುತ್ತಿರುವ ಆರಾಧನೆಯಲ್ಲಿ ಆ ಹುಡುಗನಿಗೆ ಸರದಿ ಸಿಗುವುದು ಕಷ್ಟ. ಅಲ್ಲಿನವರಿಗೆ ಪ್ರೀತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಾಯಲು ಬೇಕಾದ ಹೊತ್ತು ಅಲ್ಲಿ ಇರುವುದಿಲ್ಲ.

ಸೌಂಡ್ ಡೆಸ್ಕ್

ಅಕ್ಕ, ಓದಿ ಕಣ್ಣು ತುಂಬಿ ಬಂತು. ನಿಜ, ನಮ್ಮಲ್ಲಿ ಅದು ಕಷ್ಟ. ನಾನು ಒಂದು ದೊಡ್ಡ ಸಭೆಯಲ್ಲಿ ಸೌಂಡ್ ನೋಡಿಕೊಳ್ಳುತ್ತೇನೆ. ನಮ್ಮ ಜಾಗ ಹಾಲಿನ ಹಿಂಭಾಗದಲ್ಲಿ. ಸ್ಟೇಜಿನಲ್ಲಿರುವವರಿಗೆ ಕಾಣದವರು ನಮಗೆ ಕಾಣುತ್ತಾರೆ.

ಒಬ್ಬ ಸಿಸ್ಟರ್ ಇದ್ದರು. ಮೊದಲ ಹಾಡು ಶುರುವಾದ ಮೇಲೆ ಬರುತ್ತಿದ್ದರು, ಆಶೀರ್ವಾದಕ್ಕೆ ಮುಂಚೆ ಎದ್ದು ಹೋಗುತ್ತಿದ್ದರು. ತುಂಬ ದಿನ ಹೀಗೇ ನಡೆಯಿತು. ಆಮೇಲೆ ಒಂದು ದಿನ ಪ್ರಾರ್ಥನಾ ಚೀಟಿಯಲ್ಲಿ ತಮ್ಮ ಹೆಸರು ಬರೆದು ಹಾಕಿದರು. ಅವರ ಹಿಂದಿನ ಸಭೆ ಸಣ್ಣದು. ಮದುವೆ ಮುರಿದಾಗ ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಎಲ್ಲರೂ ಬುದ್ಧಿ ಹೇಳುವವರೇ. ದೇವರ ಹತ್ತಿರ ಬರಬೇಕು, ಆದರೆ ಯಾರೂ ಪ್ರಶ್ನೆ ಕೇಳಬಾರದು. ಅವರಿಗೆ ಬೇಕಾಗಿದ್ದದ್ದು ಅದು. ದೊಡ್ಡ ಹಾಲಿನ ಹಿಂದಿನ ಸಾಲು ಅದನ್ನು ಕೊಟ್ಟಿತು.

"ಅಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ" ಅಂತ ದೂರುವವರಿಗೆ ನಾನು ಇದನ್ನು ಹೇಳುತ್ತೇನೆ. ಗಾಯ ಆದವರಿಗೆ ಕೆಲವು ಕಾಲ ಗುರುತಿಲ್ಲದೆ ಕೂರುವುದೂ ಒಂದು ಕೃಪೆ. ಹಾಗಂತ ಜೀವನಪೂರ್ತಿ ಹಾಗೇ ಕೂರಬೇಕು ಅಂತಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಕಿವಿ ಕೇಳದವರಿಗಾಗಿ ಒಂದು ಬದಿಯಲ್ಲಿ ಜಾಗ ಇದೆ. ಇಡೀ ಆರಾಧನೆಯನ್ನು ಒಬ್ಬರು ಸನ್ನೆ ಭಾಷೆಯಲ್ಲಿ ಹೇಳುತ್ತಾರೆ. ನಲವತ್ತು ಜನರ ಸಭೆಯಲ್ಲಿ ಕಿವಿ ಕೇಳದವರು ಒಬ್ಬರಿರಬಹುದು, ಸನ್ನೆ ಭಾಷೆ ಬಲ್ಲವರು ಇರುವುದು ಅಪರೂಪ. ಕುಡಿತ ಬಿಡಲು ಹೆಣಗುತ್ತಿರುವವರ ಗುಂಪು, ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಬೇರೆ ತರಗತಿ, ತರಬೇತಿ ಪಡೆದ ಕೌನ್ಸೆಲರ್, ಇವೆಲ್ಲ ನಡೆಯಬೇಕಾದರೆ ಜನ ಬೇಕು, ಹಣ ಬೇಕು. ಗುಂಪು ದೊಡ್ಡದಿದ್ದಾಗ ಒಂಟಿಯಾಗಿದ್ದವರಿಗೆ ತಮ್ಮಂಥವರು ಸಿಗುತ್ತಾರೆ.

ಹಳೇ ಹಿರಿಯ

ಮಕ್ಕಳೇ, ಚೆನ್ನಾಗಿ ಬರೆದಿದ್ದೀರಿ. ನಾನು ಸಭೆಯ ಹಿರಿಯನಾಗಿ ಬಹಳ ವರ್ಷ ಸೇವೆ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ದೊಡ್ಡ ಗುಂಪಿನ ಕಷ್ಟ ಸತ್ಯವೇದಕ್ಕೆ ಹೊಸದಲ್ಲ. ವಿಮೋಚನಕಾಂಡ 18 ತೆಗೆದು ನೋಡಿ. ಮೋಶೆ ಬೆಳಗ್ಗಿನಿಂದ ಸಾಯಂಕಾಲದವರೆಗೂ ಕೂತು ಒಬ್ಬನೇ ಎಲ್ಲರ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ ಬಂದು ನೋಡಿದವನೇ, ನೀನು ಮಾಡುವುದು ಸರಿಯಲ್ಲ, ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ ಅಂದ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ನೇಮಿಸಲು ಹೇಳಿದ. ಜನರನ್ನು ಕಡಿಮೆ ಮಾಡು ಅಂತ ಹೇಳಲಿಲ್ಲ. ಹತ್ತು ಜನರನ್ನು ನೋಡಿಕೊಳ್ಳುವವನು ಇರಲಿ ಅಂದ.

ಅಪೊಸ್ತಲರ ಕೃತ್ಯಗಳು 6ರಲ್ಲೂ ಇದೇ. ಶಿಷ್ಯರ ಸಂಖ್ಯೆ ಹೆಚ್ಚಿತು, ಕೂಡಲೇ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಲೋಪ ಆಯಿತು. ಕೆಟ್ಟ ಮನಸ್ಸಿನಿಂದ ಆಯಿತು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಜನ ಜಾಸ್ತಿ ಆದಾಗ ಮೊದಲು ಕಣ್ಣಿಗೆ ಬೀಳದೆ ಹೋಗುವವರು ಇಂಥವರೇ. ಅಪೊಸ್ತಲರು ಗೊಣಗುವವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಎಂದರು. ಆ ಏಳು ಜನರ ಹೆಸರನ್ನೂ ಲೂಕನು ಬರೆದಿಟ್ಟಿದ್ದಾನೆ.

ಇನ್ನು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಗಡ ಶುರು ಮಾಡಿದ ಬೋಧಕ ಜಾನ್ ವೆಸ್ಲಿಯ ವಿಷಯ. ನನಗೆ ಬಹಳ ಇಷ್ಟವಾದದ್ದು ಇದು. 1742ರಲ್ಲಿ ಬ್ರಿಸ್ಟಲಿನಲ್ಲಿ ಅವರ ಕೂಟದ ಕಟ್ಟಡಕ್ಕೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಯಾರೋ ಸಲಹೆ ಕೊಟ್ಟರು. ಕೆಲವರಿಗೆ ಅದಕ್ಕೂ ಗತಿ ಇಲ್ಲವಲ್ಲ ಅಂದರೆ, ಸಲಹೆ ಕೊಟ್ಟವನೇ, ಹನ್ನೊಂದು ಬಡವರನ್ನು ನನ್ನ ಪಾಲಿಗೆ ಬಿಡಿ, ಅವರಿಗೆ ಆಗದ್ದನ್ನು ನಾನು ತುಂಬುತ್ತೇನೆ ಅಂದ. ಹೀಗೆ ಸುಮಾರು ಹನ್ನೆರಡು ಜನರ ಗುಂಪುಗಳಾದವು, ಒಂದೊಂದಕ್ಕೂ ಒಬ್ಬ ನಾಯಕ. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರಿಗೆ ಯಾರ ಮನೆಯಲ್ಲಿ ಜಗಳ, ಯಾರು ಮತ್ತೆ ಕುಡಿತಕ್ಕೆ ಬಿದ್ದಿದ್ದಾರೆ ಅನ್ನುವುದು ಕಂಡಿತು. ಅವರು ಬಂದು ವೆಸ್ಲಿಗೆ ಹೇಳಿದರು. ನಾವು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಗೆ ಅನಿಸಿತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದು ಹೀಗೆ. ಬಯಲಿನಲ್ಲಿ ಸಾವಿರಾರು ಜನರಿಗೆ ಸಾರುತ್ತಿದ್ದ ಮನುಷ್ಯನ ಕೆಲಸ ಉಳಿದದ್ದು ಈ ಹನ್ನೆರಡು ಹನ್ನೆರಡು ಜನರ ಗುಂಪುಗಳಿಂದ.

ಕುರಿಹಟ್ಟಿ

ಎಲ್ಲರಿಗೂ ಗೌರವದಿಂದಲೇ ಒಂದು ಪ್ರಶ್ನೆ. ಯೋಹಾನ 10ರಲ್ಲಿ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಅಂತ ಇದೆ. ಐದು ಸಾವಿರ ಜನರಿಗೆ ಒಬ್ಬ ಪಾಸ್ಟರ್ ಇದ್ದರೆ ಅವರು ಕುರುಬರೋ, ಭಾಷಣಕಾರರೋ? ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ನಮ್ಮ ದೊಡ್ಡ ಸಭೆಯಿಂದ ಒಂದು ಮೆಸೇಜ್ ಬಂತು, ಅಷ್ಟೇ. ಅದೂ ಎಲ್ಲರಿಗೂ ಕಳಿಸುವಂಥ ಮೆಸೇಜ್.

ಸೌಂಡ್ ಡೆಸ್ಕ್

ಬ್ರದರ್, ಅದು ಆಗಬಾರದಿತ್ತು. ಅದನ್ನು ಸಮರ್ಥಿಸುವ ಮಾತೇ ಇಲ್ಲ. ತಾಯಿಯವರು ಈಗ ಹೇಗಿದ್ದಾರೆ?

ನೀವು ಹೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಆ ಯೋಹಾನ 10ರ ಕುರುಬನು ಕ್ರಿಸ್ತನೇ. ಯಾವ ಪಾಸ್ಟರಿಗೂ ಪೂರ್ತಿ ಆ ಜಾಗ ತುಂಬಲು ಆಗದು. ಆದರೆ ಅವನ ಪರವಾಗಿ ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಪ್ರತಿಯೊಬ್ಬ ವಿಶ್ವಾಸಿಗೂ ಇರಲೇಬೇಕು. ಅದು ಪುಲ್ಪಿಟ್ ಮೇಲಿನ ವ್ಯಕ್ತಿಯೇ ಆಗಬೇಕಿಲ್ಲ. ಮನೆ ಕೂಟದ ನಾಯಕಿ ಆಸ್ಪತ್ರೆಗೆ ಬಂದು ರಾತ್ರಿ ಕೂತರೆ ಸಭೆಯೇ ಬಂದು ಕೂತ ಹಾಗೆ. ದೊಡ್ಡ ಸಭೆ ಇಂಥ ಏರ್ಪಾಡು ಮಾಡಿಕೊಳ್ಳದಿದ್ದರೆ ಅದು ತನ್ನ ಕೆಲಸ ಬಿಟ್ಟುಕೊಟ್ಟಂತೆಯೇ.

ಕುರಿಹಟ್ಟಿ

ತಾಯಿ ಈಗ ಪರವಾಗಿಲ್ಲ, ಕೇಳಿದ್ದಕ್ಕೆ ಥ್ಯಾಂಕ್ಸ್. ಮನೆ ಕೂಟ ನಮ್ಮಲ್ಲೂ ಇದೆ. ನಾವು ಸೇರಿರಲಿಲ್ಲ ಅನ್ನುವುದೂ ನಿಜ. ಆದರೆ ಸೇರಿ ಅಂತ ಯಾರೂ ಬಂದು ಕರೆಯಲಿಲ್ಲ ಅನ್ನುವುದೂ ಅಷ್ಟೇ ನಿಜ.

ಪಾಸ್ಟರ್ ಮಗಳು

ಸಣ್ಣ ಸಭೆಯ ಬಗ್ಗೆ ಎಲ್ಲರೂ ಸಿಹಿ ಮಾತು ಆಡುತ್ತಿದ್ದೀರಿ. ಸಂತೋಷ. ಒಳಗಿನಿಂದ ಕಂಡದ್ದನ್ನು ಹೇಳಲೇಬೇಕು.

ನಮ್ಮಪ್ಪ ಸಣ್ಣ ಸಭೆಯ ಪಾಸ್ಟರ್. ವಾರವೆಲ್ಲ ಬೇರೆ ಕೆಲಸ, ರಾತ್ರಿ ಪ್ರಸಂಗಕ್ಕೆ ಓದು, ಭಾನುವಾರ ಎಲ್ಲದಕ್ಕೂ ಅವರೇ. ರಜೆ ಅನ್ನುವುದೇ ಇರಲಿಲ್ಲ, ಯಾಕೆಂದರೆ ಬದಲಿಗೆ ನಿಲ್ಲುವವರು ಇರಲಿಲ್ಲ. ಅಮ್ಮನಿಗೆ ಜ್ವರ ಇದ್ದರೂ ಮಕ್ಕಳ ತರಗತಿ ಅಮ್ಮನದೇ. ಎರಡು ಮನೆತನಗಳ ನಡುವೆ ಮನಸ್ತಾಪ ಬಂತು. ದೊಡ್ಡ ಸಭೆಯಲ್ಲಿ ಇಬ್ಬರೂ ಬೇರೆ ಬೇರೆ ಬದಿಯಲ್ಲಿ ಕೂತು ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಅರ್ಧ ಸಭೆ ಹೊರಟುಹೋಯಿತು. ನನ್ನ ವಯಸ್ಸಿನ ಹುಡುಗಿ ಅಂತ ಇದ್ದವಳು ಒಬ್ಬಳೇ, ಅವಳೂ ಹೋದಳು.

ಆಮೇಲೆ ಒಂದು ದೊಡ್ಡ ಸಭೆಯವರು ವರ್ಷಕ್ಕೊಮ್ಮೆ ನಮ್ಮಂಥ ಪಾಸ್ಟರುಗಳ ಕುಟುಂಬಗಳನ್ನು ಕರೆದು ಕೆಲವು ದಿನ ಉಳಿಸಿಕೊಳ್ಳಲು ಶುರು ಮಾಡಿದರು. ಆ ದಿನಗಳಲ್ಲಿ ನಮ್ಮ ಸಭೆಯಲ್ಲಿ ಪ್ರಸಂಗ ಮಾಡಲು ಅವರೇ ಒಬ್ಬರನ್ನು ಕಳಿಸುತ್ತಿದ್ದರು. ಹೆಸರು ಹಾಕಿಸಿಕೊಳ್ಳಲಿಲ್ಲ, ನಮ್ಮವರನ್ನು ತಮ್ಮ ಕಡೆ ಎಳೆದುಕೊಳ್ಳಲಿಲ್ಲ. ಅಪ್ಪ ಒಂದು ಆರಾಧನೆಯಲ್ಲಿ ಬರೀ ಕೂತು ಹಾಡಿದ್ದನ್ನು ನಾನು ಮೊದಲು ನೋಡಿದ್ದು ಅಲ್ಲೇ. ದೊಡ್ಡ ಸಭೆ ಏನಕ್ಕೆ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಅಪ್ಪನ ಆ ಮುಖವೇ ನೆನಪಾಗುತ್ತದೆ.

ಇನ್ನೊಂದು ಮಾತು. ಪಾಸ್ಟರುಗಳು ಸೇರಿದ ಕಡೆಯೆಲ್ಲ "ಎಷ್ಟು ಜನ ಬರ್ತಾರೆ?" ಅನ್ನುವುದೇ ಮೊದಲ ಪ್ರಶ್ನೆ. ದಯವಿಟ್ಟು ಅದನ್ನು ಬಿಡಿ. ಅಮೆರಿಕದಲ್ಲಿ 2020ರಲ್ಲಿ ಫೇಯ್ತ್ ಕಮ್ಯುನಿಟೀಸ್ ಟುಡೇ ಅನ್ನುವ ದೊಡ್ಡ ಸಮೀಕ್ಷೆ ನಡೆಯಿತು. ಅದರಲ್ಲಿದ್ದ ಬಹುಪಾಲು ಕ್ರೈಸ್ತ ಸಭೆಗಳೇ. ಅರ್ಧದಷ್ಟು ಕಡೆ ವಾರದ ಆರಾಧನೆಗೆ ಸೇರುವವರು 65 ಅಥವಾ ಅದಕ್ಕಿಂತ ಕಡಿಮೆ. ಎರಡು ಸಾವಿರ ದಾಟಿದರೆ ಮೆಗಾಚರ್ಚ್ ಅನ್ನುತ್ತಾರಲ್ಲ, ಅವು ಎದ್ದು ಕಾಣುತ್ತವೆ ಅಷ್ಟೇ, ಎಣಿಕೆಯಲ್ಲಿ ಬಹಳ ಕಡಿಮೆ. ಸಣ್ಣ ಸಭೆಯ ಪಾಸ್ಟರ್ ತಾನು ಸೋತವನು ಅಂತ ಅಂದುಕೊಳ್ಳುವ ಅಗತ್ಯವೇ ಇಲ್ಲ. ಹೆಚ್ಚಿನ ಸಭೆಗಳು ಇರುವುದೇ ಹಾಗೆ.

ಕೊನೆಯ ಬೆಂಚು

ಸಿಸ್ಟರ್, ನೀವು 65 ಅಂದಾಗ ಒಂದು ವಿಷಯ ನೆನಪಾಯಿತು. ಸಿರಿಯಾದ ದುರಾ ಯೂರೋಪೋಸ್ ಅನ್ನುವಲ್ಲಿ 1930ರ ದಶಕದಲ್ಲಿ ಅಗೆದಾಗ ಒಂದು ಮನೆ ಸಿಕ್ಕಿತು. ಕ್ರಿಸ್ತಶಕ 240ರ ಆಸುಪಾಸಿನಲ್ಲಿ ಅದನ್ನು ಸಭೆ ಸೇರಲು ಮಾರ್ಪಡಿಸಿದ್ದರು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಹಾಲ್ ಮಾಡಿಕೊಂಡಿದ್ದರು. ಅದರಲ್ಲಿ ಹಿಡಿಸುವವರು ಹೆಚ್ಚೆಂದರೆ ಸುಮಾರು 70 ಜನ. ಪಕ್ಕದ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಅದರ ಗೋಡೆಯ ಮೇಲೆ ಕುರಿಯನ್ನು ಹೆಗಲಿಗೆ ಹಾಕಿಕೊಂಡ ಕುರುಬನ ಚಿತ್ರ. ಕುರಿಹಟ್ಟಿ ಬ್ರದರ್, ನಿಮಗೆ ಇಷ್ಟವಾಗಬಹುದು.

ಋಣದ ಮಾತು ಎತ್ತಿದ್ದೆನಲ್ಲ, ಅದಕ್ಕೆ ಬರುತ್ತೇನೆ. ಇಂಗ್ಲೆಂಡಿನ ಬೋಧಕ ಸ್ಪರ್ಜನ್ ಅಂದರೆ ಎಲ್ಲರಿಗೂ ಗೊತ್ತಿರುವ ಹೆಸರು. ಅವರ ಸಭೆಯ ಕಟ್ಟಡ, ಲಂಡನ್ನಿನ ಮೆಟ್ರೊಪಾಲಿಟನ್ ಟ್ಯಾಬರ್ನೇಕಲ್, 1861ರಲ್ಲಿ ತೆರೆಯಿತು, ಅದರಲ್ಲಿ ಸುಮಾರು 6000 ಜನ ಸೇರುತ್ತಿದ್ದರು. ಅವರ ನಾಯಕತ್ವದಲ್ಲಿ ಪಾಸ್ಟರುಗಳ ಕಾಲೇಜು ನಡೆಯಿತು, ಅನಾಥಾಲಯ ನಡೆಯಿತು. ಆ ಕಾಲೇಜಿನಲ್ಲಿ ಕಲಿತವರು ಹೋಗಿ ಎಷ್ಟೋ ಸಣ್ಣ ಸಭೆಗಳನ್ನು ನೋಡಿಕೊಂಡರು.

ಆದರೆ ಅದೇ ಸ್ಪರ್ಜನ್ ಕ್ರಿಸ್ತನನ್ನು ಕಂಡದ್ದು ಎಲ್ಲಿ? 1850ರ ಜನವರಿ, ಅವರಿಗೆ ಹದಿನೈದು ವರ್ಷ. ಹಿಮ ಬಿದ್ದು ಹೋಗಬೇಕಾದ ಕಡೆ ಹೋಗಲಾಗದೆ ಕೋಲ್ಚೆಸ್ಟರಿನ ಒಂದು ಚಿಕ್ಕ ಮೆಥಡಿಸ್ಟ್ ಚಾಪೆಲಿಗೆ ನುಗ್ಗಿದರು. ಒಳಗೆ ಹನ್ನೆರಡೋ ಹದಿನೈದೋ ಜನ. ಬರಬೇಕಾದ ಬೋಧಕರೂ ಹಿಮದಿಂದ ಬಂದಿರಲಿಲ್ಲ. ಓದುಬರಹ ಜಾಸ್ತಿ ಇಲ್ಲದ ಒಬ್ಬರು ಎದ್ದು ನಿಂತು ಯೆಶಾಯ 45:22 ಹಿಡಿದುಕೊಂಡು, ನನ್ನ ಕಡೆಗೆ ನೋಡಿ, ರಕ್ಷಣೆ ಹೊಂದಿ ಅನ್ನುವುದನ್ನೇ ಮತ್ತೆ ಮತ್ತೆ ಹೇಳಿದರು. ಹೇಳಲು ಬೇರೆ ಏನೂ ಅವರ ಹತ್ತಿರ ಇರಲಿಲ್ಲ. ಆಮೇಲೆ ನೇರವಾಗಿ ಆ ಹುಡುಗನನ್ನೇ ನೋಡಿ, ನೀನು ಬಹಳ ದುಃಖದಲ್ಲಿರುವ ಹಾಗೆ ಕಾಣುತ್ತೀ ಅಂದರು. ಸ್ಪರ್ಜನ್ ಇದನ್ನು ತಾವೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಆರು ಸಾವಿರ ಜನರ ನಡುವೆ ಆ ಹುಡುಗ ಕೂತಿದ್ದರೆ ಅವನ ಮುಖ ಯಾರು ನೋಡುತ್ತಿದ್ದರು? ಅದೇ ಹೊತ್ತಿಗೆ, ಆರು ಸಾವಿರ ಜನರ ಆ ಸಭೆ ಇಲ್ಲದಿದ್ದರೆ ಕಾಲೇಜು, ಅನಾಥಾಲಯ ಎಲ್ಲಿಂದ ಬರುತ್ತಿದ್ದವು? ನನಗೆ ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಲು ಆಗುವುದೇ ಇಲ್ಲ.

ಪೌಲನ ಕಾಲದಲ್ಲೂ ಹೀಗೇ. ಸುವಾರ್ತೆ ಹೊರಟದ್ದು ಯೆರೂಸಲೇಮಿನಿಂದ. ಅಲ್ಲಿನ ಬಡ ವಿಶ್ವಾಸಿಗಳಿಗೆ ಸಹಾಯ ಬೇಕಾದಾಗ ಹಣ ಕೂಡಿಸಿದವರು ಮಕೆದೋನ್ಯ, ಅಖಾಯದ ಸಭೆಗಳವರು. ಮಕೆದೋನ್ಯದವರು ತಾವೇ ಕಡುಬಡವರು ಅಂತ 2 ಕೊರಿಂಥ 8 ಹೇಳುತ್ತದೆ. ಕೊಡುವವರು ಯಾವಾಗಲೂ ದೊಡ್ಡವರೇ ಆಗಿರಬೇಕಿಲ್ಲ.

ಹಳೇ ಹಿರಿಯ

ಆ ಅಧ್ಯಾಯದಲ್ಲಿ ಇನ್ನೊಂದಿದೆ ನೋಡಪ್ಪ. ಆ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ, ಯಾರೂ ತಪ್ಪು ಹುಡುಕಬಾರದು ಅಂತ. ಇದು ದೊಡ್ಡ ಸಭೆಗೂ ಬೇಕು, ಸಣ್ಣ ಸಭೆಗೂ ಬೇಕು. ದೊಡ್ಡ ಕಡೆ ಮೊತ್ತ ದೊಡ್ಡದು, ಪ್ರಶ್ನೆ ಕೇಳಲು ಜನ ಅಂಜುತ್ತಾರೆ. ಸಣ್ಣ ಕಡೆ "ನಮ್ಮವರೇ ಅಲ್ವಾ" ಅಂತ ಲೆಕ್ಕವನ್ನೇ ಬರೆಯುವುದಿಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದ ಯೊಯ್ಡೊ ಸಭೆ ಇದಕ್ಕೆ ದೊಡ್ಡ ಉದಾಹರಣೆ. 1958ರಲ್ಲಿ ಬೆರಳೆಣಿಕೆಯ ಜನರೊಂದಿಗೆ ಶುರುವಾಗಿ ಡೇರೆಯಲ್ಲಿ ಕೂಡಿಬಂದ ಸಭೆ ಅದು. 1964ರಲ್ಲಿ ಪಾಸ್ಟರ್ ದಣಿದು ಕುಸಿದು ಬಿದ್ದರು. ಆಮೇಲೆ ಸಭೆಯನ್ನು ಮನೆ ಕೂಟಗಳಾಗಿ ಹಂಚಿದರು. ನಾಯಕತ್ವ ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರು, ಅದೂ ಹೆಂಗಸರು ಮುಂದೆ ಬರುವುದು ಕಷ್ಟವಾಗಿದ್ದ ಕಾಲದಲ್ಲಿ. ಸಭೆ ಲಕ್ಷಗಟ್ಟಲೆ ಜನಕ್ಕೆ ಬೆಳೆಯಿತು. ಇತ್ರೋ ಹೇಳಿದ್ದೇ ಅಲ್ಲಿ ಕೆಲಸ ಮಾಡಿತು. ಆದರೆ 2014ರಲ್ಲಿ ಸಭೆಯ ಹಣಕ್ಕೆ ನಷ್ಟ ಮಾಡಿದ ಪ್ರಕರಣದಲ್ಲಿ ಅದೇ ಸ್ಥಾಪಕ ಪಾಸ್ಟರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು. ಕೆಳಗೆ ಹತ್ತು ಜನರನ್ನು ನೋಡಿಕೊಳ್ಳುವವರು ಇದ್ದರೆ ಸಾಲದು. ಮೇಲಿದ್ದವರನ್ನು ಕೇಳುವವರೂ ಇರಬೇಕು.

ಹೊಸಬ

ಎಲ್ಲ ಓದಿದೆ, ತುಂಬ ಉಪಯೋಗವಾಯಿತು. ನಾನು ಕೆಲಸಕ್ಕಾಗಿ ಹೊಸ ಊರಿಗೆ ಹೋಗುತ್ತಿದ್ದೇನೆ. ಇಬ್ಬರು ಚಿಕ್ಕ ಮಕ್ಕಳು. ಹತ್ತಿರದಲ್ಲಿ ಒಂದು ದೊಡ್ಡ ಸಭೆ, ಒಂದು ಸಣ್ಣ ಸಭೆ ಎರಡೂ ಇವೆ. ಹೇಗೆ ನಿರ್ಧಾರ ಮಾಡಲಿ?

ಸಂಡೇ ಸ್ಕೂಲ್ ಅಕ್ಕ

ಮೊದಲು ವಾಕ್ಯ ಸರಿಯಾಗಿ ಸಾರುತ್ತಾರಾ ನೋಡಿ, ಮಿಕ್ಕಿದ್ದು ಆಮೇಲೆ. ಎರಡು ಕಡೆಗೂ ಹೋಗಿ. ಒಂದೇ ಭಾನುವಾರ ನೋಡಿ ತೀರ್ಮಾನಿಸಬೇಡಿ. ಮಕ್ಕಳ ತರಗತಿಯಲ್ಲಿ ಯಾರು ಇರುತ್ತಾರೆ, ದೊಡ್ಡವರು ಒಬ್ಬರೇ ಇರುತ್ತಾರೋ ಇಬ್ಬರೋ ಅಂತ ಕೇಳಲು ಸಂಕೋಚ ಬೇಡ. ಸಣ್ಣ ಸಭೆಯಲ್ಲಿ "ಇಲ್ಲಿ ಎಲ್ಲರೂ ಗೊತ್ತಿರುವವರೇ" ಅಂದರೆ ಅದು ಉತ್ತರ ಆಗುವುದಿಲ್ಲ.

ಪಾಸ್ಟರ್ ಮಗಳು

ನೀವು ಈಗ ಯಾವ ಸ್ಥಿತಿಯಲ್ಲಿದ್ದೀರಿ ಅನ್ನುವುದನ್ನೂ ನೋಡಿಕೊಳ್ಳಿ. ದಣಿದು ಬಂದಿದ್ದರೆ ಕೆಲವು ಕಾಲ ದೊಡ್ಡ ಸಭೆಯಲ್ಲಿ ಕೂತು ಪಡೆದುಕೊಳ್ಳಿ, ತಪ್ಪಿಲ್ಲ. ಕೊಡಲು ಶಕ್ತಿ ಇದ್ದರೆ ಸಣ್ಣ ಸಭೆಗೆ ಹೋಗಿ. ಅಲ್ಲಿ ಒಂದು ಕುಟುಂಬ ಬಂದರೆ ಪಾಸ್ಟರಿಗೂ ಅವರ ಹೆಂಡತಿಗೂ ಎಷ್ಟು ಉಸಿರು ಬರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಕುರಿಹಟ್ಟಿ

ದೊಡ್ಡ ಸಭೆಗೆ ಸೇರಿದರೆ ಮೊದಲ ತಿಂಗಳಲ್ಲೇ ಮನೆ ಕೂಟ ಸೇರಿ. ಯಾರೂ ಕರೆಯದಿದ್ದರೂ ನೀವೇ ಹೋಗಿ ಕೇಳಿ. ನಾನು ಈ ವಾರ ಕೇಳುತ್ತಿದ್ದೇನೆ.

ಹೊಸಬ

ಸಣ್ಣ ಸಭೆಗೆ ಸೇರಿ, ದೊಡ್ಡ ಸಭೆಯ ಯೌವನಸ್ಥರ ಕೂಟಕ್ಕೋ ಬೈಬಲ್ ತರಗತಿಗೋ ಹೋದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಹಳೇ ಹಿರಿಯ

ಕೆಲವರು ಮಾಡಿಕೊಳ್ಳುತ್ತಾರಪ್ಪ. ಪಾಸ್ಟರಿಗೆ ಮೊದಲೇ ಹೇಳಿ ಹೋಗು, ಬೆನ್ನ ಹಿಂದೆ ಬೇಡ. ಸದಸ್ಯತ್ವ, ಕಾಣಿಕೆ, ಕರ್ತನ ಮೇಜು (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಒಂದು ಕಡೆ ಇರಲಿ. ಕಲಿಯುವುದು ಇನ್ನೊಂದು ಕಡೆ ಆದರೂ ನಡೆಯುತ್ತದೆ. ಅಲ್ಲಿ ಕಲಿತದ್ದನ್ನು ತಂದು ಇಲ್ಲಿನ ಮಕ್ಕಳಿಗೆ ಕಲಿಸಿದರೆ ಯಾವ ಪಾಸ್ಟರ್ ತಾನೇ ಬೇಡ ಅನ್ನುತ್ತಾರೆ? ಈಗಿನ ಸಭೆಯಿಂದ ಪರಿಚಯ ಪತ್ರ ತೆಗೆದುಕೊಂಡು ಹೋಗುವುದನ್ನು ಮರೆಯಬೇಡ.